ಆನ್‌ಲೈನ್ ಬ್ಯಾಂಕಿಂಗ್: ಹಿಂಜರಿಯುವ ಹಿರಿಯರಿಗೆ ಒಂದೊಂದೇ ಹೆಜ್ಜೆ

ನಮ್ಮ ದೊಡ್ಡಪ್ಪನಿಗೆ 72 ವರ್ಷ. ಆನ್‌ಲೈನ್ ಬ್ಯಾಂಕಿಂಗ್ ಶುರು ಮಾಡಿದ ಎರಡನೇ ತಿಂಗಳಲ್ಲಿ ಅವರಿಗೊಂದು ಎಸ್‌ಎಂಎಸ್ ಬಂತು. ಇವತ್ತು ರಾತ್ರಿ ನಿಮ್ಮ ಖಾತೆ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ ವಿವರ ತುಂಬಿ ಅಂತ. ಅದು ಬಂದು ಕೂತಿದ್ದು ಬ್ಯಾಂಕಿನ ಅಸಲಿ ಸಂದೇಶಗಳ ಸಾಲಿನಲ್ಲೇ. ಮೇಲೆ ಹೋದ ವಾರದ ಬ್ಯಾಲೆನ್ಸ್ ಸಂದೇಶ, ಅದರ ಕೆಳಗೆ ಇದು. ಅನುಮಾನ ಹೇಗೆ ಬರಬೇಕು? ಲಿಂಕ್ ಒತ್ತಿದರು. ಯೂಸರ್ ಐಡಿ ಹಾಕಿದರು, ಪಾಸ್‌ವರ್ಡ್ ಹಾಕಿದರು. ಒಟಿಪಿ ಬಂತು. ಅಲ್ಲಿ ಕನ್ನಡಕ ಹುಡುಕಿ ಹಾಕಿಕೊಂಡು ಇಡೀ ಸಂದೇಶ ಓದಿದರು. ಹಣ ಕಳಿಸಲು ಹೊಸಬರ ಹೆಸರು ಸೇರಿಸುವ ಒಟಿಪಿ ಅಂತ ಅದರಲ್ಲಿತ್ತು. ‘ನಾನು ಯಾರನ್ನೂ ಸೇರಿಸ್ತಾ ಇಲ್ವಲ್ಲ’ ಅಂದುಕೊಂಡು ಅಲ್ಲೇ ನಿಲ್ಲಿಸಿ ನನಗೆ ಫೋನ್ ಮಾಡಿದರು.

ಹಣ ಉಳಿಯಿತು. ಅವತ್ತು ಸಂಜೆಯೇ ಪಾಸ್‌ವರ್ಡ್ ಬದಲಿಸಿದೆವು. ಆಮೇಲೆ ಇಬ್ಬರೂ ಕೂತು ಅವರ ಖಾತೆಯನ್ನು ಮೊದಲಿಂದ ಹೊಂದಿಸಿದೆವು. ಈ ಮಾರ್ಗದರ್ಶಿ ಆ ಕೆಲಸದಿಂದಲೇ ಹುಟ್ಟಿದ್ದು.

ಹಿರಿಯರ ಭಯ ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಹೆಚ್ಚಿನವರು ಹೆದರುವುದು ಬೇರೆಯದಕ್ಕೆ. ಯಾರೋ ಬ್ಯಾಂಕಿನ ಕಂಪ್ಯೂಟರ್‌ಗೆ ನುಗ್ಗಿ ನಮ್ಮ ದುಡ್ಡು ಎತ್ತಿಕೊಂಡು ಹೋಗುತ್ತಾರೆ ಅಂತ. ವಂಚಕರಿಗೆ ಅಷ್ಟು ಕಷ್ಟಪಡುವ ಅಗತ್ಯವೇ ಇಲ್ಲ. ನಮ್ಮಿಂದಲೇ ಬಾಗಿಲು ತೆಗೆಸುವುದು ಅವರಿಗೆ ಸುಲಭ. ಹಾಗಂತ ‘ನೀವು ಎಡವಲೇಬಾರದು’ ಅಂದರೆ ಅದು ಆಗದ ಮಾತು. ಸುಸ್ತಾಗಿದ್ದಾಗ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಾಗ ಎಂಥವರೂ ಎಡವುತ್ತಾರೆ. ಆದ್ದರಿಂದ ಎಡವಿದರೂ ಸ್ವಲ್ಪವೇ ಹೋಗಬೇಕು, ಉಳಿದದ್ದು ಅಲುಗಬಾರದು. ಹಾಗೆ ಹೊಂದಿಸಿಡುವುದೇ ಮೊದಲ ಕೆಲಸ.

ಹಂತ 1: ಎರಡು ಖಾತೆ, ಒಂದಕ್ಕೆ ಮಾತ್ರ ಆನ್‌ಲೈನ್

ಪಾಸ್‌ವರ್ಡ್, ಆ್ಯಪ್ ಎಲ್ಲಕ್ಕಿಂತ ಮುಂಚೆ ಇದನ್ನು ಮಾಡಿ. ಜೀವನಪೂರ್ತಿ ಕೂಡಿಟ್ಟ ಹಣ ಒಂದು ಖಾತೆಯಲ್ಲಿರಲಿ. ದಿನದ ಖರ್ಚಿಗೆ, ಬಿಲ್ ಕಟ್ಟಲು ಬೇರೆ ಸಣ್ಣ ಖಾತೆ ಇರಲಿ. ಅದರಲ್ಲಿ ಒಂದೆರಡು ತಿಂಗಳಿಗೆ ಆಗುವಷ್ಟು ಹಣ ಸಾಕು. ಆನ್‌ಲೈನ್ ವ್ಯವಹಾರ ಈ ಸಣ್ಣ ಖಾತೆಯಲ್ಲಿ ಮಾತ್ರ.

ಇಲ್ಲಿ ಒಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಸಾಮಾನ್ಯವಾಗಿ ಒಂದೇ ಲಾಗಿನ್‌ನಲ್ಲಿ ಎರಡೂ ಕಾಣುತ್ತವೆ. ಅವಧಿ ಠೇವಣಿಗಳೂ ಅಲ್ಲೇ ಕಾಣುತ್ತವೆ. ಎಷ್ಟೋ ಬ್ಯಾಂಕ್‌ಗಳಲ್ಲಿ ಆ ಠೇವಣಿಯನ್ನು ಆನ್‌ಲೈನ್‌ನಲ್ಲೇ ಅವಧಿಗೆ ಮುಂಚೆ ಮುರಿಯಬಹುದು. ಅಂದರೆ ಕಳ್ಳ ಒಳಗೆ ಬಂದರೆ ಠೇವಣಿಗೂ ಕೈ ಹಾಕಬಹುದು. ಅದಕ್ಕೇ ದೊಡ್ಡ ಮೊತ್ತವನ್ನು ಬೇರೆ ಬ್ಯಾಂಕಿನಲ್ಲಿ ಇಡುವುದು ಒಳ್ಳೆಯದು. ಅದು ಬೇಡವೆಂದರೆ ಶಾಖೆಗೆ ಹೋಗಿ ಕೇಳಿ: ‘ಈ ಖಾತೆ, ಈ ಠೇವಣಿ ಆನ್‌ಲೈನ್‌ನಲ್ಲಿ ಕಾಣಿಸಬಾರದು, ಅಥವಾ ನೋಡಲು ಮಾತ್ರ ಸಿಗಬೇಕು. ಹಾಗೆ ಮಾಡಿಕೊಡ್ತೀರಾ?’

ಅದೇ ದಿನ ಇನ್ನೂ ಮೂರು ವಿಷಯ ಕೇಳಿ ಬನ್ನಿ. ದಿನಕ್ಕೆ ಎಷ್ಟು ಹಣ ಕಳಿಸಬಹುದು ಅನ್ನುವ ಮಿತಿಯನ್ನು ನಿಮಗೆ ಬೇಕಾದಷ್ಟಕ್ಕೆ ಇಳಿಸಿ. ಬ್ಯಾಂಕ್ ಮೊದಲೇ ಇಟ್ಟಿರುವ ಮಿತಿ ಹಿರಿಯರ ಅಗತ್ಯಕ್ಕಿಂತ ಜಾಸ್ತಿಯೇ ಇರುತ್ತದೆ. ಮಿತಿ ಏರಿಸಬೇಕಾದರೆ ಶಾಖೆಗೇ ಬರಬೇಕು, ಅಥವಾ ಒಂದು ದಿನವಾದರೂ ಕಾಯಬೇಕು, ಹಾಗೆ ಮಾಡಲು ಆಗುತ್ತದಾ ಅಂತ ವಿಚಾರಿಸಿ. ಒಟಿಪಿ ಒತ್ತಿದ ತಕ್ಷಣ ಮಿತಿ ಏರುವುದಾದರೆ ಅದನ್ನು ಇಳಿಸಿದ್ದರಿಂದ ಅಷ್ಟೇನೂ ಲಾಭವಿಲ್ಲ. ಮೂರನೆಯದು, ಒಂದು ಪೈಸೆ ಹೋದರೂ ಬಂದರೂ ಫೋನ್‌ಗೆ ಸಂದೇಶ ಬರುವಂತೆ ಹಾಕಿಸಿ.

ಹಂತ 2: ಫೋನ್ ಸಿದ್ಧ ಮಾಡಿ

ಬ್ಯಾಂಕಿಂಗ್‌ಗೆ ನಿಮ್ಮದೇ ಫೋನ್ ಬೇಕು. ಮೊಮ್ಮಕ್ಕಳು ಆಟದ ಆ್ಯಪ್ ಹಾಕಿಕೊಳ್ಳುವ ಫೋನ್ ಬೇಡ. ತಯಾರಕರು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ಹಳೆಯ ಫೋನೂ ಬೇಡ. ಕಂಪ್ಯೂಟರ್‌ಗೂ ಇದೇ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇದ್ದು ಭದ್ರತಾ ಅಪ್‌ಡೇಟ್ ಬರುತ್ತಿಲ್ಲ ಅಂದರೆ ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ಸ್ಕ್ರೀನ್ ಲಾಕ್‌ಗೆ ಆರು ಅಂಕಿ ಹಾಕಿ, ಹುಟ್ಟಿದ ದಿನಾಂಕ ಬೇಡ. ಬೆರಳಚ್ಚು ಹಾಕಿಕೊಂಡರೆ ಇನ್ನೂ ಅನುಕೂಲ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ, ಫೋನ್ ಲಾಕ್ ಆಗಿದ್ದಾಗ ಸಂದೇಶದ ಒಳಗಿನ ಮಾತು ಕಾಣದಂತೆ ಮಾಡಿ. ಇಲ್ಲದಿದ್ದರೆ ಲಾಕ್ ಮಾಡಿಟ್ಟ ಫೋನಿನ ಮೇಲೂ ಒಟಿಪಿ ಎದ್ದು ಕಾಣುತ್ತದೆ.

ಸಿಮ್‌ಗೂ ಒಂದು ಪಿನ್ ಹಾಕಬಹುದು. ಫೋನ್ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿ ಎಲ್ಲ ಅವನಿಗೇ ಬರುತ್ತದೆ. ಸಿಮ್ ಪಿನ್ ಇದ್ದರೆ ಆ ದಾರಿ ಮುಚ್ಚುತ್ತದೆ. ಒಂದು ಎಚ್ಚರಿಕೆ ಇರಲಿ. ಮೂರು ಸಲ ತಪ್ಪು ಪಿನ್ ಒತ್ತಿದರೆ ಸಿಮ್ ಲಾಕ್ ಆಗುತ್ತದೆ, ಬಿಡಿಸಲು ಪಿಯುಕೆ ಅನ್ನುವ ಸಂಖ್ಯೆ ಬೇಕು. ಅದನ್ನು ಸಿಮ್ ಕಂಪನಿಯಿಂದ ಮೊದಲೇ ಪಡೆದು ಬರೆದಿಟ್ಟುಕೊಂಡು ಆಮೇಲೆ ಈ ಕೆಲಸಕ್ಕೆ ಕೈ ಹಾಕಿ.

ಬ್ಯಾಂಕಿನ ಆ್ಯಪ್ ಹಾಕಿಕೊಳ್ಳುವುದು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ ಮಾತ್ರ. ಹೆಸರು ಹೋಲುವ ಬೇರೆ ಆ್ಯಪ್ ಇರಬಹುದು, ಹಾಗಾಗಿ ಶಾಖೆಯ ಸಿಬ್ಬಂದಿಗೆ ತೋರಿಸಿ ‘ಇದೇನಾ?’ ಅಂತ ಕೇಳಿದರೂ ತಪ್ಪೇನಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಯಾರೇ ಆ್ಯಪ್‌ನ ಫೈಲ್ ಕಳಿಸಲಿ, ಅದು ಮದುವೆ ಆಮಂತ್ರಣ ಅನ್ನಲಿ, ಬಾಕಿ ಬಿಲ್ ಅನ್ನಲಿ, ಮುಟ್ಟಬೇಡಿ. ಇಂಥ ಕಳ್ಳ ಆ್ಯಪ್‌ಗಳು ಹೆಚ್ಚಾಗಿ ‘ಆಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತವೆ. ಕಣ್ಣು ಕಾಣದವರಿಗೂ ಫೋನ್ ಬಳಸಲು ನೆರವಾಗಲಿ ಅಂತ ಇರುವ ಸೌಲಭ್ಯ ಅದು. ಪರದೆಯ ಮೇಲಿರುವುದನ್ನು ಓದುತ್ತದೆ, ನಿಮ್ಮ ಪರವಾಗಿ ಬಟನ್ ಒತ್ತುತ್ತದೆ. ಕಳ್ಳನಿಗೆ ಬೇಕಾದದ್ದೂ ಅಷ್ಟೇ ಅಲ್ವಾ?

ಹಂತ 3: ಪಾಸ್‌ವರ್ಡ್, ಅದನ್ನು ಬರೆದಿಡುವ ಪ್ರಶ್ನೆ

ಚಿಹ್ನೆ, ಅಂಕಿ ತುರುಕಿದ ಎಂಟು ಅಕ್ಷರದ ಪಾಸ್‌ವರ್ಡ್ ನಿಮಗೆ ನೆನಪಿರಲ್ಲ. ಉದ್ದವಾಗಿರುವುದೇ ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ. ಏಣಿ, ಗುಬ್ಬಿ, ಬುಧವಾರ, ಸಕ್ಕರೆ, ಈ ತರಹ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೂ ಪದ ನಮ್ಮದೇ ಆದ್ದರಿಂದ ನೆನಪಿರುತ್ತದೆ. ಅಂಕಿ, ಚಿಹ್ನೆ ಬೇಕೇಬೇಕು ಅಂತ ಬ್ಯಾಂಕ್ ಹೇಳಿದರೆ ಕೊನೆಗೆ ಸೇರಿಸಿ. ಈ ನಾಲ್ಕನ್ನೇ ಹಾಕಬೇಡಿ, ಇದನ್ನು ಎಷ್ಟೋ ಜನ ಓದುತ್ತಿದ್ದಾರೆ.

ಪಾಸ್‌ವರ್ಡನ್ನು ಪದೇ ಪದೇ ಬದಲಿಸಬೇಕು ಅನ್ನುವುದು ಹಳೆಯ ಸಲಹೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಅದನ್ನು ಕೈಬಿಟ್ಟಿತು. ಸೋರಿಕೆಯಾದ ಗುಮಾನಿ ಇದ್ದಾಗ ಬದಲಿಸಿದರೆ ಸಾಕು. ಸುಮ್ನೆ ಬದಲಿಸುತ್ತಾ ಇದ್ದರೆ ಜನ ಕೊನೆಯ ಅಂಕಿಯನ್ನಷ್ಟೇ ಒಂದೊಂದೇ ಏರಿಸುತ್ತಾರೆ. ನಿಮ್ಮ ಬ್ಯಾಂಕಿನಲ್ಲಿ ಈಗಲೂ ಆ ನಿಯಮ ಇದ್ದರೆ ಪಾಲಿಸಲೇಬೇಕು, ಆಗ ಪೂರ್ತಿ ಹೊಸ ಪದಗಳನ್ನೇ ಇಡಿ.

ಬ್ಯಾಂಕಿನ ಪಾಸ್‌ವರ್ಡ್ ಇನ್ನೆಲ್ಲೂ ಬಳಸಬೇಡಿ. ಇಮೇಲ್‌ಗೂ ಅಷ್ಟೇ ಗಟ್ಟಿಯಾದ, ಬೇರೆಯದೇ ಪಾಸ್‌ವರ್ಡ್ ಬೇಕು. ‘ಪಾಸ್‌ವರ್ಡ್ ಮರೆತಿರಾ?’ ಅಂತ ಒತ್ತಿದಾಗ ಬರುವ ಪತ್ರ ಎಷ್ಟೋ ಕಡೆ ಇಮೇಲ್‌ಗೇ ಬರುವುದು. ಇಮೇಲ್ ಕೈಗೆ ಸಿಕ್ಕವನಿಗೆ ಮಿಕ್ಕ ಬಾಗಿಲುಗಳೂ ಒಂದೊಂದಾಗಿ ತೆರೆಯುತ್ತವೆ.

ಬರೆದಿಡಬಹುದಾ? ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು. ನೆನಪಿರಲ್ಲ ಅನ್ನುವ ಭಯಕ್ಕೆ ಮೊಮ್ಮಗಳ ಹೆಸರು, ಮನೆ ನಂಬರ್ ಇಡುವುದಕ್ಕಿಂತ ಗಟ್ಟಿ ಪಾಸ್‌ವರ್ಡ್ ಇಟ್ಟು ಅದರ ಸುಳಿವು ಬರೆದಿಡುವುದು ಮೇಲು. ಎಲ್ಲೋ ದೂರದಲ್ಲಿ ಕೂತ ಕಳ್ಳ ನಿಮ್ಮ ಬೀರುವಿನ ಪುಸ್ತಕ ಓದಲಾರ. ಆದರೆ ಬರೆಯುವುದು ಸುಳಿವು ಮಾತ್ರ, ಪೂರ್ತಿ ಪದಗಳಲ್ಲ. ಬ್ಯಾಂಕಿನ ಹೆಸರು ಆ ಹಾಳೆಯಲ್ಲಿ ಬೇಡ. ಫೋನಿನ ಕವರ್ ಒಳಗೆ, ಪರ್ಸಿನಲ್ಲಿ ಇಡಬೇಡಿ. ಕಾರ್ಡಿನ ಪಿನ್ ಮಾತ್ರ ಎಲ್ಲೂ ಬರೆಯಬೇಡಿ.

ಮನೆಯಲ್ಲಿ ಯಾರಾದರೂ ಕೂತು ಕಲಿಸುವುದಾದರೆ ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಪಾಸ್‌ವರ್ಡ್‌ಗಳನ್ನು ನಿಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ಆ್ಯಪ್ ಬಳಸಿ. ಅದಕ್ಕೆ ನಾವು ಅಷ್ಟಾಗಿ ಗಮನಿಸದ ಒಂದು ಗುಣವಿದೆ. ಬ್ಯಾಂಕಿನ ಅಸಲಿ ವಿಳಾಸದಲ್ಲಿ ಮಾತ್ರ ಪಾಸ್‌ವರ್ಡ್ ತಾನೇ ತುಂಬುತ್ತದೆ. ನಕಲಿ ಪುಟ ಎಷ್ಟೇ ಚೆನ್ನಾಗಿದ್ದರೂ ವಿಳಾಸ ಬೇರೆ ಇದ್ದರೆ ಸುಮ್ಮನಿರುತ್ತದೆ. ದಿನಾ ತುಂಬುತ್ತಿದ್ದದ್ದು ಇವತ್ತು ತುಂಬಲಿಲ್ಲ ಅಂದರೆ, ನೀವೂ ಕೈಯಾರೆ ಹಾಕಬೇಡಿ.

ಹಂತ 4: ಒಟಿಪಿ ಅಂದರೆ ಬರೀ ಅಂಕಿಯಲ್ಲ

ದೊಡ್ಡಪ್ಪನನ್ನು ಉಳಿಸಿದ್ದು ಇದೇ. ಒಟಿಪಿ ಬಂದಾಗ ನಮ್ಮ ಕಣ್ಣು ನೇರ ಆರು ಅಂಕಿಗೆ ಹೋಗುತ್ತದೆ. ಎಷ್ಟೋ ಫೋನ್‌ಗಳು ಅಂಕಿಯನ್ನು ತಾವೇ ತುಂಬಿಬಿಡುತ್ತವೆ. ಆದರೆ ಅದು ಯಾವ ಕೆಲಸಕ್ಕೆ, ಎಷ್ಟು ಮೊತ್ತಕ್ಕೆ, ಯಾರಿಗೆ ಅನ್ನುವುದು ಸಾಮಾನ್ಯವಾಗಿ ಅದೇ ಸಂದೇಶದಲ್ಲಿ ಬರೆದಿರುತ್ತದೆ. ಒಂದು ಸಲ ಜೋರಾಗಿ ಓದಿಕೊಳ್ಳಿ. ನೀವು ಈಗ ಮಾಡುತ್ತಿರುವ ಕೆಲಸ, ಸಂದೇಶದಲ್ಲಿರುವ ಕೆಲಸ ಒಂದೇ ಆದರೆ ಮಾತ್ರ ಅಂಕಿ ಹಾಕಿ. ನೀವೇನೂ ಮಾಡದೆ ಒಟಿಪಿ ಬಂದರೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ, ನಿಮ್ಮ ಪಾಸ್‌ವರ್ಡ್ ಅವರ ಕೈಸೇರಿರಲೂಬಹುದು. ಆ ಒಟಿಪಿಯನ್ನು ಯಾರಿಗೂ ಹೇಳದೆ, ಬ್ಯಾಂಕಿನ ಆ್ಯಪ್ ತೆರೆದು ಪಾಸ್‌ವರ್ಡ್ ಬದಲಿಸಿ.

ಇನ್ನೊಂದು ಅಪಾಯ ಸಿಮ್ ಬದಲಿ. ವಂಚಕ ನಿಮ್ಮ ಹೆಸರಿನಲ್ಲಿ ಹೊಸ ಸಿಮ್ ತೆಗೆದರೆ ನಿಮ್ಮ ಫೋನಿನ ಸಿಗ್ನಲ್ ಹೋಗುತ್ತದೆ. ಪಕ್ಕದವರ ಫೋನಿಗೆ ಸಿಗ್ನಲ್ ಇದೆ, ನಿಮ್ಮದಕ್ಕೆ ತುಂಬಾ ಹೊತ್ತಿನಿಂದ ಇಲ್ಲ ಅಂದರೆ ‘ಬರುತ್ತೆ ಬಿಡು’ ಅಂತ ಕಾಯಬೇಡಿ. ಬೇರೆ ಫೋನಿನಿಂದ ಸಿಮ್ ಕಂಪನಿಗೆ, ಬ್ಯಾಂಕಿಗೆ ಎರಡಕ್ಕೂ ಕರೆ ಮಾಡಿ.

ಎಸ್‌ಎಂಎಸ್ ಬದಲು ಬೇರೆ ದಾರಿ ಬ್ಯಾಂಕ್ ಕೊಟ್ಟರೆ ಅದನ್ನೇ ಆರಿಸಿ. ಕೋಡ್ ತೋರಿಸುವ ಆ್ಯಪ್‌ಗಳಿವೆ, ಅವುಗಳಲ್ಲಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಕೋಡ್ ಬದಲಾಗುತ್ತದೆ. ಪಾಸ್‌ಕೀ ಅಂತ ಇನ್ನೊಂದು ಬಂದಿದೆ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ 2022ರ ಮೇ ತಿಂಗಳಲ್ಲಿ ಒಟ್ಟಾಗಿ ಇದಕ್ಕೆ ಬೆಂಬಲ ಘೋಷಿಸಿದವು. ಬೆರಳಚ್ಚು ಇಟ್ಟರೆ ಫೋನೇ ನಿಮ್ಮ ಪರವಾಗಿ ಗುರುತು ಹೇಳುತ್ತದೆ, ಟೈಪ್ ಮಾಡಲು ಏನೂ ಇರುವುದಿಲ್ಲ. ಟೈಪ್ ಮಾಡಲು ಇಲ್ಲದಿದ್ದರೆ ನಕಲಿ ಪುಟಕ್ಕೆ ಕೊಡಲೂ ಇಲ್ಲ. ಹಿರಿಯರಿಗೆ ಇದೇ ಅತ್ಯಂತ ಹಿತವಾದ ದಾರಿ ಅನ್ನುವುದು ನನ್ನ ಅನಿಸಿಕೆ.

ಹಂತ 5: ಬ್ಯಾಂಕಿಗೆ ಹೋಗಲು ಒಂದೇ ದಾರಿ

ಆ್ಯಪ್ ಬಳಸುವುದಾದರೆ ಯಾವಾಗಲೂ ಆ್ಯಪ್. ಕಂಪ್ಯೂಟರ್ ಬಳಸುವುದಾದರೆ ಬ್ಯಾಂಕಿನ ಪತ್ರದಲ್ಲಿರುವ ವಿಳಾಸವನ್ನು ಒಮ್ಮೆ ಸರಿಯಾಗಿ ಟೈಪ್ ಮಾಡಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ, ಆಮೇಲೆ ಅದನ್ನೇ ಒತ್ತಿ. ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಹುಡುಕಿ ಹೋಗಬೇಡಿ, ಮೇಲೆ ಬರುವುದು ಜಾಹೀರಾತು ಇರಬಹುದು, ಅದನ್ನು ವಂಚಕರೂ ದುಡ್ಡು ಕೊಟ್ಟು ಹಾಕಿಸಬಹುದು. ಗ್ರಾಹಕ ಸೇವೆಯ ನಂಬರನ್ನಂತೂ ಹುಡುಕಿ ತೆಗೆಯಲೇಬೇಡಿ. ಕಾರ್ಡಿನ ಹಿಂದೆ ಮುದ್ರಿಸಿದ ನಂಬರ್ ಇದೆ, ಅದನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿ.

ವೆಬ್ ವಿಳಾಸ ಓದುವ ಬಗೆ ಒಂದಿದೆ. ‘ನಮ್ಮಬ್ಯಾಂಕ್.ಕಾಮ್/ಲಾಗಿನ್’ ಅಂತಿದ್ದರೆ ಮೊದಲ ಒಂಟಿ ಓರೆಗೆರೆಯ (/) ಎಡಕ್ಕೆ, ಅದಕ್ಕೆ ತಾಗಿಕೊಂಡು ಏನಿದೆ ನೋಡಿ. ‘ನಮ್ಮಬ್ಯಾಂಕ್.ಕಾಮ್’ ಇದೆ, ಸರಿ. ಈಗ ಇದನ್ನು ನೋಡಿ: ‘ನಮ್ಮಬ್ಯಾಂಕ್.ಖಾತೆ-ಪರಿಶೀಲನೆ.ಕಾಮ್/ಲಾಗಿನ್’. ಬ್ಯಾಂಕಿನ ಹೆಸರು ಮೊದಲಿಗೇ ಇದೆ, ಆದರೆ ಮನೆಯ ಯಜಮಾನ ‘ಖಾತೆ-ಪರಿಶೀಲನೆ.ಕಾಮ್’. ಅದು ಬೇರೆಯವರ ಮನೆ. ಇಂಗ್ಲಿಷ್‌ನಲ್ಲಿ ಆರ್ ಮತ್ತು ಎನ್ ಅಕ್ಷರ ಅಂಟಿಸಿ ಬರೆದರೆ ಎಂ ತರಹವೇ ಕಾಣುತ್ತದೆ, ಆ ಆಟವನ್ನೂ ಆಡುತ್ತಾರೆ. ಚಿಕ್ಕ ಪರದೆಯಲ್ಲಿ ಎಂಥ ಕಣ್ಣಿಗೂ ಇದು ಸುಲಭವಲ್ಲ. ಅದಕ್ಕೇ ಬುಕ್‌ಮಾರ್ಕ್‌ಗೆ ಅಷ್ಟು ಒತ್ತು ಕೊಡುವುದು.

ವೆಬ್ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರ ನಂಬಬಹುದು ಅಂತ ನಿಮಗೆ ಯಾರಾದರೂ ಹೇಳಿಕೊಟ್ಟಿದ್ದರೆ ಅದನ್ನು ಮರೆತುಬಿಡಿ. ನೀವು ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಅಂತಷ್ಟೇ ಅದರ ಅರ್ಥ. ಆ ಕಡೆ ಕೂತವರು ಒಳ್ಳೆಯವರಾ ಅಂತ ಅದು ಹೇಳುವುದಿಲ್ಲ. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಈಗ ಪುಕ್ಕಟೆ ಸಿಗುತ್ತದೆ, ನಕಲಿ ಪುಟಗಳಿಗೂ ಇರುತ್ತದೆ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಬೀಗವನ್ನು ತೆಗೆದು ಬೇರೆ ಚಿಹ್ನೆ ಇಟ್ಟಿತು.

ಹೊರಗಿನ ವೈಫೈ ಬಗ್ಗೆ ತುಂಬಾ ಹೆದರಿಸುತ್ತಾರೆ. ಬ್ಯಾಂಕಿನ ಆ್ಯಪ್ ತಾನೇ ಮಾಹಿತಿಯನ್ನು ಗುಪ್ತವಾಗಿಸಿ ಕಳಿಸುವುದರಿಂದ ಅಪಾಯ ಹೇಳುವಷ್ಟಿಲ್ಲ. ಮನಸ್ಸಿಗೆ ಸಮಾಧಾನ ಬೇಕಾದರೆ ಮೊಬೈಲ್ ಡೇಟಾ ಬಳಸಿ.

ಹಂತ 6: ಮೊದಲ ತಿಂಗಳು

ಎರಡು ವಾರ ಬರೀ ನೋಡಿ. ಲಾಗಿನ್ ಆಗಿ, ಬ್ಯಾಲೆನ್ಸ್ ನೋಡಿ, ಲಾಗೌಟ್ ಮಾಡಿ. ಕೈ ಪಳಗಲಿ. ಆಮೇಲೆ ಮನೆಯವರಿಗೆ ಒಂದು ಚಿಕ್ಕ ಮೊತ್ತ ಕಳಿಸಿ, ಬಂತಾ ಅಂತ ಕೇಳಿ. ಹೊಸಬರಿಗೆ ಹಣ ಕಳಿಸುವಾಗಲೂ ಹೀಗೇ: ಮೊದಲು ಚಿಕ್ಕದು, ಸೇರಿದೆ ಅಂತ ಖಚಿತವಾದ ಮೇಲೆ ಉಳಿದದ್ದು. ಖಾತೆ ಸಂಖ್ಯೆ ಹಾಕಿದಾಗ ಆ ಕಡೆಯವರ ಹೆಸರು ತೋರಿಸುವ ವ್ಯವಸ್ಥೆ ಇದ್ದರೆ ಆ ಹೆಸರು ಓದದೆ ಮುಂದೆ ಹೋಗಬೇಡಿ.

ಹಣ ಪಡೆಯಲು ಪಿನ್ ಬೇಡ, ಒಟಿಪಿ ಬೇಡ. ‘ನಿಮಗೆ ಹಣ ಬರಬೇಕು, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂದರೆ ಹೋಗುವುದು ನಿಮ್ಮ ಹಣ.

ಹಂತ 7: ಕರೆ ಬಂದಾಗ

ನನ್ನನ್ನು ಕೇಳಿದರೆ ಉಳಿದ ಎಲ್ಲಕ್ಕಿಂತ ಇದೇ ಮುಖ್ಯ. ಪಾಸ್‌ವರ್ಡ್ ಎಷ್ಟು ಗಟ್ಟಿ ಇದ್ದರೂ ಒಂದು ಫೋನ್ ಕರೆ ಅದನ್ನು ನಮ್ಮ ಬಾಯಿಂದಲೇ ಹೊರಡಿಸುತ್ತದೆ.

ಪರದೆಯಲ್ಲಿ ಕಾಣುವ ನಂಬರ್ ಸುಳ್ಳಿರಬಹುದು. ಬ್ಯಾಂಕಿನದೇ ನಂಬರ್ ತೋರುವಂತೆ ಮಾಡಬಹುದು. ಸಂದೇಶದ ಮೇಲಿನ ಹೆಸರನ್ನೂ ಹಾಗೆಯೇ ನಕಲು ಮಾಡಬಹುದು, ದೊಡ್ಡಪ್ಪನ ಫೋನಿನಲ್ಲಿ ಅಸಲಿ ಸಾಲಿಗೇ ಬಂದು ಕೂತಿತ್ತಲ್ಲ, ಹಾಗೆ. ನಿಮ್ಮ ಹೆಸರು, ವಿಳಾಸ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಅವರು ಹೇಳಿದರೂ ಅದು ಪುರಾವೆಯಲ್ಲ. ಎಲ್ಲೋ ಸೋರಿಕೆಯಾದ ಪಟ್ಟಿಯಿಂದ ಅದು ಸಿಕ್ಕಿರಬಹುದು.

ಹಾಗಾದರೆ ಗುರುತಿಸುವುದು ಹೇಗೆ? ಧಾಟಿಯಿಂದ. ಈಗಲೇ ಮಾಡಬೇಕು ಅನ್ನುತ್ತಾರೆ. ಫೋನ್ ಇಡಬೇಡಿ ಅನ್ನುತ್ತಾರೆ. ಮಕ್ಕಳಿಗೆ ಹೇಳಬೇಡಿ ಅನ್ನುತ್ತಾರೆ. ಪೊಲೀಸ್ ಅಂತ ವಿಡಿಯೊ ಕರೆಯಲ್ಲಿ ಸಮವಸ್ತ್ರ ತೊಟ್ಟು ಗಂಟೆಗಟ್ಟಲೆ ಕೂರಿಸುತ್ತಾರೆ. ‘ನಿಮ್ಮ ಖಾತೆ ಅಪಾಯದಲ್ಲಿದೆ, ಹಣವನ್ನು ಈ ಸುರಕ್ಷಿತ ಖಾತೆಗೆ ಹಾಕಿ’ ಅನ್ನುತ್ತಾರೆ. ಹಣ ಸುರಕ್ಷಿತವಾಗಿರಲಿ ಅಂತ ಯಾವ ಬ್ಯಾಂಕೂ, ಯಾವ ಪೊಲೀಸರೂ ಅದನ್ನು ಬೇರೆ ಖಾತೆಗೆ ಹಾಕಿಸುವುದಿಲ್ಲ.

ದೊಡ್ಡಪ್ಪನ ಫೋನಿನ ಪಕ್ಕದ ಗೋಡೆಗೆ ನಾವು ಒಂದು ಚೀಟಿ ಅಂಟಿಸಿದ್ದೇವೆ. ದಪ್ಪ ಅಕ್ಷರದಲ್ಲಿ ಒಂದೇ ವಾಕ್ಯ: ‘ಆಯ್ತು, ನಾನೇ ಬ್ಯಾಂಕಿಗೆ ಫೋನ್ ಮಾಡಿ ವಿಚಾರಿಸ್ತೀನಿ.’ ಹೇಳಿ ಇಟ್ಟುಬಿಡುವುದು. ಮೊದಲ ಸಲ ಅವರಿಗೆ ಬಹಳ ಕಷ್ಟವಾಯಿತು. ಎದುರಿಗಿರುವವರು ಮಾತಾಡುತ್ತಿರುವಾಗ ಫೋನ್ ಇಡುವುದು ಅವರ ಪ್ರಕಾರ ಮರ್ಯಾದೆಯಲ್ಲ. ನಿಮಗೂ ಹಾಗೆ ಅನಿಸಬಹುದು. ನಿಜವಾದ ಬ್ಯಾಂಕಿನವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ‘ಸರಿ ಸರ್, ಮಾಡಿ’ ಅನ್ನುತ್ತಾರೆ. ತಡೆಯುವವನು ಬ್ಯಾಂಕಿನವನಲ್ಲ. ಕೆಲವು ಲ್ಯಾಂಡ್‌ಲೈನ್‌ಗಳಲ್ಲಿ ನೀವು ಇಟ್ಟರೂ ಆ ಕಡೆಯವರು ಇಡುವವರೆಗೆ ಲೈನ್ ಕಡಿಯದೇ ಇರಬಹುದು. ಹಾಗಾಗಿ ವಾಪಸ್ ಕರೆ ಮಾಡುವಾಗ ಬೇರೆ ಫೋನ್ ಬಳಸಿ.

ಕರೆಯ ನಡುವೆ ಯಾರೇ ಹೇಳಲಿ, ಈ ಎರಡು ಮಾಡಬೇಡಿ. ದೂರದಿಂದಲೇ ನಿಮ್ಮ ಫೋನ್ ನೋಡಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಿಕೊಳ್ಳುವುದಾಗಲಿ, ಪರದೆ ಹಂಚಿಕೊಳ್ಳುವುದಾಗಲಿ ಬೇಡ. ಆ ಆ್ಯಪ್‌ಗಳು ಕೆಟ್ಟವಲ್ಲ, ಆದರೆ ನಿಮ್ಮ ಪರದೆ ಅಪರಿಚಿತನ ಕಣ್ಣಮುಂದೆ ಹೋಗುತ್ತದೆ. ಹಾಗೆಯೇ, ಸ್ಟಾರ್, ಹ್ಯಾಷ್ ಇರುವ ಸಂಖ್ಯೆ ಒತ್ತಲು ಹೇಳಿದರೆ ಒತ್ತಬೇಡಿ. ನಿಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸುವ ಸಂಕೇತ ಅದಾಗಿರಬಹುದು.

ಈಗ ಧ್ವನಿಯನ್ನೂ ನಕಲು ಮಾಡುತ್ತಾರೆ. ಸ್ವಲ್ಪ ಹೊತ್ತಿನ ರೆಕಾರ್ಡಿಂಗ್ ಇದ್ದರೆ ಸಾಕು, ಮಗನದೇ ಧ್ವನಿಯಲ್ಲಿ ‘ಅಮ್ಮಾ, ಆಕ್ಸಿಡೆಂಟ್ ಆಗಿದೆ, ತಕ್ಷಣ ಹಣ ಕಳಿಸು’ ಅಂತ ಕರೆ ಬರಬಹುದು. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಯಬೇಡಿ, ಎದುರಾ ಎದುರು ಹೇಳಿಕೊಳ್ಳಿ. ಪದ ಹೇಳದಿದ್ದರೆ ಫೋನ್ ಇಟ್ಟು, ನಿಮ್ಮಲ್ಲಿರುವ ನಂಬರ್‌ಗೆ ನೀವೇ ಕರೆ ಮಾಡಿ.

ಹಂತ 8: ಮಕ್ಕಳು ಸಹಾಯ ಮಾಡುವಾಗ

ಇದು ಮಕ್ಕಳಿಗೂ ಹೇಳುವ ಮಾತು. ‘ಕೊಡಿ ಇಲ್ಲಿ, ನಾನೇ ಮಾಡ್ತೀನಿ’ ಅಂತ ಫೋನ್ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕೂತು, ಬೆರಳು ಅವರದೇ ಆಡಲಿ. ಮಗನಿಗಾದರೂ ಸರಿ, ಫೋನಿನಲ್ಲಿ ಒಟಿಪಿ ಹೇಳುವ ಅಭ್ಯಾಸ ಮನೆಯಲ್ಲೇ ಬೆಳೆದರೆ ಅಪರಿಚಿತನಿಗೆ ಹೇಳಲೂ ನಾಲಿಗೆ ತಡೆಯುವುದಿಲ್ಲ. ಮಕ್ಕಳೇ ವ್ಯವಹಾರ ನೋಡಿಕೊಳ್ಳಬೇಕಾದರೆ ಅದಕ್ಕೆ ಜಂಟಿ ಖಾತೆ, ಅಧಿಕಾರ ಪತ್ರ ಅಂತ ಬ್ಯಾಂಕಿನಲ್ಲೇ ದಾರಿಗಳಿವೆ, ವಿಚಾರಿಸಿ.

ಹಂತ 9: ಹಣ ಹೋಗಿದ್ದರೆ

ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಬೇಗ ಬೇಗ ಖಾತೆಯಿಂದ ಖಾತೆಗೆ ಹಾರುತ್ತದೆ. ದಾರಿಯಲ್ಲಿ ತಡೆಯಲು ಸಿಗುವ ಸಮಯ ಬಹಳ ಕಡಿಮೆ. ಹಾಗಾಗಿ ಮೊದಲ ಕರೆ ಬ್ಯಾಂಕಿಗೆ, ಮಕ್ಕಳಿಗಲ್ಲ. ಕಾರ್ಡ್, ಆನ್‌ಲೈನ್ ಸೌಲಭ್ಯ ಎರಡನ್ನೂ ಬ್ಲಾಕ್ ಮಾಡಿಸಿ. ದೂರಿನ ಸಂಖ್ಯೆ ಕೇಳಿ ಸಮಯದ ಸಮೇತ ಬರೆದುಕೊಳ್ಳಿ. ಯಾವುದಾದರೂ ಆ್ಯಪ್ ಹಾಕಿಸಿದ್ದರೆ ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ನೋಡಿ, ಬ್ಯಾಂಕಿಗೆ ಕರೆಯನ್ನು ಬೇರೆ ಫೋನಿನಿಂದ ಮಾಡಿ. ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಬ್ಯಾಂಕಿನದು. ಸಂದೇಶ, ಕರೆಯ ನಂಬರ್ ಯಾವುದನ್ನೂ ಅಳಿಸಬೇಡಿ, ಅವೇ ಸಾಕ್ಷಿ. ಸೈಬರ್ ಅಪರಾಧದ ದೂರನ್ನು ಅವತ್ತೇ ಕೊಡಿ, ಬ್ಯಾಂಕಿಗೆ ಬರಹದಲ್ಲೂ ಕೊಡಿ. ಹಣ ಮರಳುವ ಪ್ರಶ್ನೆ ಬಂದಾಗ ನೀವು ಎಷ್ಟು ಬೇಗ ತಿಳಿಸಿದಿರಿ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ಕೆಲವು ದಿನ ಬಿಟ್ಟು ಇನ್ನೊಂದು ಕರೆ ಬರಬಹುದು. ‘ನಿಮ್ಮ ಹಣ ಸಿಕ್ಕಿದೆ, ಶುಲ್ಕ ಕಟ್ಟಿದರೆ ವಾಪಸ್ ಕೊಡಿಸ್ತೀವಿ’ ಅಂತ. ಅದೂ ವಂಚನೆಯೇ, ಎಷ್ಟೋ ಸಲ ಅದೇ ಗುಂಪಿನದು. ಒಮ್ಮೆ ಮೋಸಹೋದವರ ಹೆಸರು, ನಂಬರ್ ಅವರ ನಡುವೆ ಮಾರಾಟವಾಗುತ್ತದೆ.

ಮನೆಯಲ್ಲಿ ಹೇಳಲು ನಾಚಿಕೆಪಟ್ಟು ಒಂದು ದಿನ, ಎರಡು ದಿನ ಸುಮ್ಮನಿದ್ದುಬಿಡುವ ಹಿರಿಯರು ಎಷ್ಟೋ ಜನ. ಆ ಎರಡು ದಿನದಲ್ಲೇ ಉಳಿದದ್ದೂ ಹೋಗುತ್ತದೆ. ದೊಡ್ಡಪ್ಪ ಅವತ್ತು ನನಗೆ ಫೋನ್ ಮಾಡಿದಾಗ ಮೊದಲು ಅಂದದ್ದು, ‘ಬೈಬೇಡ ಕಣೋ, ನಾನೊಂದು ಲಿಂಕ್ ಒತ್ತಿಬಿಟ್ಟೆ’ ಅಂತ. ನಾನು ಬೈಯಲಿಲ್ಲ. ಪಾಸ್‌ವರ್ಡ್ ಹಾಕಿದ್ರಾ, ಒಟಿಪಿ ಹಾಕಿದ್ರಾ, ಎರಡನ್ನೇ ಕೇಳಿದೆ.